ತಲೆಯ ಮೇಲಿಟ್ಟ ಕೈ

ಯಲಹಂಕ ಹಳೇ ಊರು
ಬುಧವಾರ, 12 ನವೆಂಬರ್ 2025

ಪ್ರೀತಿಯ ಚಿರೂ,

ಓಟದಲ್ಲಿ ಉಳುಕಿದ ನಿನ್ನ ಕಾಲು ಈಗ ಹೇಗಿದೆ? ಊತ ಪೂರ್ತಿ ಇಳಿಯಿತೇ, ಇಲ್ಲವೇ ಬೂಟಿನೊಳಗೆ ಮುಚ್ಚಿಟ್ಟುಕೊಂಡು ಮತ್ತೆ ಓಡಲು ಹೊರಟಿದ್ದೀಯೋ? ಎರಡನೆಯದನ್ನೇ ಮಾಡುವವನು ನೀನು. ಏಳನೆಯ ತರಗತಿಯಲ್ಲಿ ಮೈ ಸುಡುವ ಜ್ವರವನ್ನು ಮುಚ್ಚಿಟ್ಟು ನನ್ನ ಪಾಠಕ್ಕೆ ಬಂದು, ಬರೆಯುತ್ತಿದ್ದ ಮಸೂರದ ಚಿತ್ರದ ಮೇಲೆಯೇ ಮುಖವಿಟ್ಟು ಮಲಗಿದವನಲ್ಲವೇ. ಬೆಳಗಾವಿಯಲ್ಲಿ ಚಳಿ ಶುರುವಾಗಿರಬೇಕು. ಮುಂಜಾನೆ ತಣ್ಣೀರು ಕುಡಿಯಬೇಡ, ನಿನ್ನ ಗಂಟಲಿಗೆ ಅದು ಆಗದು. ರೊಟ್ಟಿ ಗಟ್ಟಿ ಎಂದು ದೂರಿದ್ದೆಯಲ್ಲ, ಸಾರಿನಲ್ಲಿ ನೆನೆಸಿ ತಿನ್ನು. ಸೈನಿಕನ ಸಮವಸ್ತ್ರದಲ್ಲಿ ನಿನ್ನನ್ನು ನೋಡಬೇಕೆಂಬ ಆಸೆ ನನಗೂ ನಿನ್ನ ಪುಟ್ಟಲಕ್ಷ್ಮಿ ಅತ್ತೆಗೂ ಎಷ್ಟಿದೆ ಎಂದರೆ, ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಇಬ್ಬರೂ ಅಂಗಳಕ್ಕೆ ಬಂದು ನಿಲ್ಲುತ್ತೇವೆ. ಅದರಲ್ಲಿ ನೀನಿಲ್ಲವೆಂದು ಗೊತ್ತಿದ್ದೂ.

ಈ ಕಾಗದವನ್ನು ಊಟದ ಮನೆಯ ಗದ್ದಲದಲ್ಲಿ ಓದಬೇಡ. ಒಬ್ಬನೇ ಕುಳಿತು ಓದು, ಕೊನೆಯವರೆಗೂ ಓದು, ಅರ್ಧಕ್ಕೆ ಎದ್ದು ಓಡಬೇಡ. ಮೊದಲೇ ಹೇಳಿಬಿಡುತ್ತೇನೆ: ನಿನ್ನ ಅಮ್ಮ ಮನೆಯಲ್ಲಿದ್ದಾಳೆ, ಎಚ್ಚರವಾಗಿದ್ದಾಳೆ, ಇಂದು ಬೆಳಿಗ್ಗೆ ಅರ್ಧ ಇಡ್ಲಿ ತಿಂದಳು. ಆದರೆ ಅವಳು ಚೆನ್ನಾಗಿಲ್ಲ. ಪ್ರತಿ ಭಾನುವಾರ ನಿನಗೆ ಸಿಗುವ ಆ ಹತ್ತು ನಿಮಿಷದ ಫೋನಿನಲ್ಲಿ ಅವಳು ಹೇಳುವ "ನಾನು ಚೆನ್ನಾಗಿದ್ದೀನಿ ಕಣೋ" ಎಂಬ ಮಾತು ನಿಜವಲ್ಲ. ಆ ಮಾತು ಹೇಳುವಾಗ ಫೋನು ಹಿಡಿಯಲೂ ಅವಳ ಕೈಲಾಗದು, ನಿನ್ನ ಅತ್ತೆ ಹಿಡಿದಿರುತ್ತಾಳೆ. ನಾನು ಎದುರಿಗೇ ಕುಳಿತಿದ್ದರೂ ಬಾಯಿ ಬಿಡುವಂತಿಲ್ಲ. ನಿನಗೆ ತಿಳಿದರೆ ತರಬೇತಿ ಬಿಟ್ಟು ಓಡಿಬರುತ್ತೀಯೆಂದೂ, ನಡುವೆ ಬಿಟ್ಟು ಬಂದವನನ್ನು ಹಿಂದೆ ಬರುವ ತಂಡಕ್ಕೆ ತಳ್ಳುತ್ತಾರೆಂದೂ ಅವಳಿಗೆ ಭಯ. ಆ ಭಯಕ್ಕೆ ಕಟ್ಟುಬಿದ್ದು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಸುಮ್ಮನಿರಬಾರದು ಎನ್ನಿಸಿ, ಮನೆಯಲ್ಲಿ ಬರೆಯಲಾಗದೆ, ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಮತ್ತೊಮ್ಮೆ ಹೇಳುತ್ತೇನೆ. ಇದು ಪಾಠ ಮಾಡಿದವನ ಅಭ್ಯಾಸ, ಮೊದಲಿನಿಂದ ಹೇಳದಿದ್ದರೆ ನನಗೇ ಲೆಕ್ಕ ಹತ್ತುವುದಿಲ್ಲ. ನಿನ್ನ ಅಪ್ಪ ಭೀಮರಾಜ್ ಹೆಬ್ಬಾಳದ ಬಳಿ ಅಪಘಾತದಲ್ಲಿ ಹೋದಾಗ ನೀನು ಇನ್ನೂ ಎರಡನೆಯ ತರಗತಿ. ನಿನ್ನನ್ನು ಕರೆದುಕೊಂಡು ನನ್ನ ತಂಗಿ ಶುಭಾ ನಮ್ಮ ಮನೆಗೆ ಬಂದಳು. ಹಾರ್ನ್ ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಬಾಗಿಲ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಆಗ ಯಾರೋ ಡಾಕ್ಟರು ಕೆಲವು ವಾರಗಳ ಮಟ್ಟಿಗೆಂದು ಬರೆದುಕೊಟ್ಟ ಆತಂಕದ ಮಾತ್ರೆ ವರ್ಷಗಳವರೆಗೆ ನಡೆಯಿತು. ಅದರ ಬಲದಿಂದಲೇ ಅವಳು ಎದ್ದು ಕುಳಿತಳು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು, ನಿನ್ನನ್ನು ಓದಿಸಿದಳು. ಆ ಮಾತ್ರೆಯನ್ನು ನಾವು ಬೈಯಬಾರದು ಚಿರೂ. ಆದರೆ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ. ಡಾಕ್ಟರು ಬದಲಾದರು, ಚೀಟಿ ಬದಲಾಗಲಿಲ್ಲ. ಕೊನೆಗೆ ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಕೆಂಪಾಪುರದಲ್ಲಿ ಮನೋವೈದ್ಯೆಯಾಗಿರುವ ಅತೀಯಾ. ಕಳೆದ ಯುಗಾದಿಯ ನಂತರ ಅವಳೇ ಮಾತ್ರೆ ಇಳಿಸುವ ದಾರಿ ಹಾಕಿಕೊಟ್ಟಳು. ಒಮ್ಮೆಗೆ ಒಂದು ಚೂರು ಮಾತ್ರ ಕಡಿಮೆ, ಮೈ ಶಾಂತವಾಗುವವರೆಗೆ ಅಲ್ಲೇ ನಿಲ್ಲಬೇಕು, ಆಮೇಲೆ ಇನ್ನೊಂದು ಚೂರು. ಮಾತ್ರೆಯನ್ನು ಸಮವಾಗಿ ಕತ್ತರಿಸುತ್ತೇನೆಂದು ನಿನ್ನ ಅತ್ತೆ ಅಡಕತ್ತರಿ ಹಿಡಿದು ಕುಳಿತು, ಅದು ಪುಡಿಯಾಗಿ ಸೆರಗಿನ ಮೇಲೆಲ್ಲ ಚೆಲ್ಲಿದ್ದು ನೆನಪಿದೆಯೇ? ನಾವು ನಾಲ್ವರೂ ಅಂದು ನಕ್ಕಂತೆ ಆಮೇಲೆ ನಕ್ಕಿಲ್ಲ.

ಇಳಿಸುವುದು ಸುಲಭವಾಗಿರಲಿಲ್ಲ, ಅದನ್ನು ನೀನೇ ನೋಡಿದ್ದೀಯೆ. ಪ್ರತಿ ಸಲ ಚೂರು ಕಡಿಮೆಯಾದಾಗಲೂ ಕೆಲವು ದಿನ ಕೆಟ್ಟದಾಗಿ ಹೋಗುತ್ತಿದ್ದವು. ಬೆಳಗಿನ ಜಾವಕ್ಕೇ ಕಾರಣವಿಲ್ಲದ ದಿಗಿಲು, ಅಂಗೈ ಬೆವರು, ಕಾಲಿನಲ್ಲಿ ಇರುವೆ ಹರಿದಂತೆ. ಆ ದಿನಗಳಲ್ಲಿ ಅವಳು ಜರಿ ಕುಚ್ಚಿನ ನಾಜೂಕು ಕೆಲಸವನ್ನು ಬದಿಗಿಟ್ಟು ಬರಿಯ ಗಂಟಿನ ಕುಚ್ಚು ಕಟ್ಟುತ್ತಿದ್ದಳು. ಕಾಫಿ ಬಿಟ್ಟು ರಾಗಿ ಅಂಬಲಿ ಕುಡಿಯುತ್ತಿದ್ದಳು. ನನ್ನ ಜೊತೆ ಇದೇ ಕೆರೆಯ ಸುತ್ತ ನಡೆಯುತ್ತಿದ್ದಳು. ದಿಗಿಲು ಬಂದರೆ ನಿಂತು, ಮರದ ಹೆಸರು, ಹಕ್ಕಿಯ ಹೆಸರು, ಎದುರು ಬರುವವರ ಅಂಗಿಯ ಬಣ್ಣ ಗಟ್ಟಿಯಾಗಿ ಹೇಳುತ್ತಿದ್ದಳು, ಅತೀಯಾ ಕಲಿಸಿದ ಉಪಾಯ. ಆಮೇಲೆ ನಿಧಾನವಾಗಿ ಮೈ ತಿಳಿಯಾಗುತ್ತಿತ್ತು. ದಸರಾ ಹೊತ್ತಿಗೆ ಅವಳು ಅರ್ಧದಾರಿ ದಾಟಿದ್ದಳು. ಅದು ಅವಳ ಗೆಲುವು, ಸೈನ್ಯಕ್ಕೆ ಆಯ್ಕೆಯಾದ ನಿನ್ನ ಗೆಲುವಿಗಿಂತ ಕಡಿಮೆಯದಲ್ಲ.

ಈಗ ಯಶವಂತಪುರ ನಿಲ್ದಾಣದ ವಿಷಯಕ್ಕೆ ಬರುತ್ತೇನೆ. ವಿಜಯದಶಮಿಯ ಮರುದಿನ ನಿನ್ನ ರೈಲು. ಸಾಮಾನು ಒಳಗಿಟ್ಟು ಕೆಳಗಿಳಿದು ಬಂದವನು ಅಮ್ಮನ ಎದುರು ನಿಂತು, "ಇಷ್ಟು ಬಿಟ್ಟಿದ್ದೀಯಲ್ಲಮ್ಮ, ಉಳಿದಿದ್ದೇನ್ ಮಹಾ. ಇವತ್ತಿಂದ ಆ ಮಾತ್ರೆ ಮುಟ್ಟಲ್ಲ ಅಂತ ನನ್ ತಲೆ ಮೇಲೆ ಕೈ ಇಟ್ಟು ಹೇಳು, ನಾನು ಅಲ್ಲಿ ನೆಮ್ಮದಿಯಾಗಿರ್ತೀನಿ" ಎಂದೆ. ಅವಳಿಗೆ ಎಟುಕಲೆಂದು ಬಗ್ಗಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ನಿನ್ನ ತಲೆಯ ಮೇಲೆ ಕೈಯಿಟ್ಟಳು. ನಾವು ಯಾರೂ ತಡೆಯಲಿಲ್ಲ. ಹೆತ್ತವಳನ್ನು ನೆಟ್ಟಗೆ ನಿಲ್ಲಿಸಿ ಹೋಗುವ ಮಗನೆಂದು ನಿನ್ನ ಅತ್ತೆ ಕಣ್ಣೊರೆಸಿಕೊಂಡಳು. ಅರ್ಧ ಇಳಿದ ಏಣಿಯಿಂದ ನೆಲಕ್ಕೆ ಧುಮುಕು ಎಂದು ಹೇಳಿದಂತಾಯಿತು ಎಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಅಂದಿನಿಂದ ಅವಳು ಮಾತ್ರೆ ಮುಟ್ಟಲಿಲ್ಲ. ಮೊದಲ ಕೆಲವು ದಿನ ನಮಗೇ ಗೊತ್ತಾಗದ ಹಾಗೆ ನಡೆದುಕೊಂಡಳು. ಆಮೇಲೆ ನಿದ್ದೆ ಹೋಯಿತು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಕಿಟಕಿಗೆ ಹೊದಿಕೆ ಕಟ್ಟಿದಳು. ಕುಕ್ಕರ್ ಸೀಟಿ ಹೊಡೆದರೆ ಎದ್ದು ಗೋಡೆಗೆ ಒರಗುತ್ತಿದ್ದಳು. ನೀನು ಚಿಕ್ಕವನಾಗಿದ್ದಾಗ ಎತ್ತಿ ತೋರಿಸುತ್ತಿದ್ದಳಲ್ಲ, ಆ ವಿಮಾನಗಳ ಸದ್ದಿಗೇ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಸೂಜಿಗೆ ದಾರ ಹೋಗದು. ಮದುವೆ ಮನೆಗಳ ಸೀರೆಗಳು ಕುಚ್ಚಿಲ್ಲದೆ ರಾಶಿ ಬಿದ್ದವು. ಮಾತ್ರೆ ನಿಲ್ಲಿಸಿದೆಯಾ ಎಂದು ಕೇಳಿದರೆ, ಅತೀಯಾ ಹೇಳಿದಂತೆಯೇ ತೆಗೆದುಕೊಳ್ಳುತ್ತಿದ್ದೇನೆ ಎನ್ನುತ್ತಿದ್ದಳು. ನಿಜ ಹೇಳಿದರೆ ನಾವು ನುಂಗಿಸಿಬಿಡುತ್ತೇವೆಂಬ ಅಂಜಿಕೆ ಅವಳಿಗೆ. ನಿನ್ನ ಆಣೆ ಹೊರಡುವ ಹೊತ್ತಿನ ಸಡಗರದ ಮಾತು ಎಂದುಕೊಂಡಿದ್ದ ನಾವು, ಇದು ವೈರಲ್ ಜ್ವರದ ಸುಸ್ತೆಂದು ಕಷಾಯ ಕೊಟ್ಟೆವು. ನಿನ್ನ ಅತ್ತೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು.

ಬಲಿಪಾಡ್ಯಮಿಯ ದಿನ ಬೀದಿಯ ತುಂಬ ಪಟಾಕಿ. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಬಚ್ಚಲಮನೆಯಲ್ಲಿ ಕುಳಿತಿದ್ದಳು. ಮಧ್ಯಾಹ್ನ ಊಟಕ್ಕೆಂದು ಹೊರಬಂದವಳು ನಡುಮನೆಯಲ್ಲಿ ಬಿದ್ದಳು. ಫಿಟ್ಸ್ ಬಂದಿತ್ತು ಚಿರೂ. ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಬಾಯಿಂದ ನೊರೆ. ನಾಲಿಗೆ ಕಚ್ಚಿಕೊಂಡಿದ್ದಳು. ಪಕ್ಕದ ಮನೆಯ ಹಬೀಬುಲ್ಲಾ ಸಾಬರು ತಮ್ಮ ಅಂಗಡಿಯ ವ್ಯಾನಿನಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ ಕೈಗಳಿವು. ಅಂದು ಅವುಗಳಿಗೆ ಹಿಡಿದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಆಸ್ಪತ್ರೆಯವರು ಅದುರುವಿಕೆ ನಿಲ್ಲಿಸಲು ಇಂಜೆಕ್ಷನ್ ಕೊಟ್ಟರು. ತಲೆಯ ಸ್ಕ್ಯಾನ್ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ. ಸಂಜೆ ಅತೀಯಾ ಬಂದಳು. ಶುಭಾಳ ಮಂಚದ ಪಕ್ಕ ಕುಳಿತು ಮೆಲ್ಲಗೆ ಕೇಳಿದ ಮೇಲೆಯೇ ನಿಜ ಹೊರಬಿದ್ದದ್ದು. ಹೊರಗೆ ಬಂದು ಅವಳು ನನಗೆ ಹೇಳಿದಳು: "ಸರ್, ಇದು ಚಟ ಅಲ್ಲ, ಮನಸ್ಸಿನ ದೌರ್ಬಲ್ಯನೂ ಅಲ್ಲ. ಇಷ್ಟು ವರ್ಷ ಆ ಮಾತ್ರೆ ಇದ್ದ ಮೈ ಇದು. ಒಂದೇ ಸಲ ಕಿತ್ತುಕೊಂಡ್ರೆ ಮೈ ಕೂಗುತ್ತೆ." ದಸರಾ ಹೊತ್ತಿಗೆ ಎಲ್ಲಿದ್ದಳೋ ಆ ಮೆಟ್ಟಿಲಿಗೆ ಮತ್ತೆ ಏರಿಸಬೇಕು, ಅಲ್ಲಿಂದ ಮೊದಲಿಗಿಂತಲೂ ನಿಧಾನವಾಗಿ ಇಳಿಸಬೇಕು, ಇನ್ನೊಂದು ವರ್ಷವಾದರೂ ಚಿಂತೆಯಿಲ್ಲ, ಶುಭಾ ಪೂರ್ತಿ ಇಳಿಯುತ್ತಾಳೆ ಎಂಬ ನಂಬಿಕೆ ತನಗಿದೆ ಎಂದಳು. ಎಂಟನೆಯ ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಲೂ ಹೆದರುತ್ತಿದ್ದ ಹುಡುಗಿ ಅವಳು. ಅವಳ ಮಾತು ಕೇಳುತ್ತಾ, ಎಳೆಯರ ಮೇಲೆ ನಾನು ಇಟ್ಟ ಭರವಸೆ ಎಂದೂ ಪೋಲಾಗಿಲ್ಲ ಎನ್ನಿಸಿತು. ನಿನ್ನ ಮೇಲಿಟ್ಟದ್ದೂ ಆಗದು.

ಆದರೆ ಶುಭಾ ಒಪ್ಪಲಿಲ್ಲ. ಒಪ್ಪದಿರಲು ಕಾರಣವಾದದ್ದು ಮುಂದಿನ ಭಾನುವಾರದ ನಿನ್ನ ಫೋನು. ಅಷ್ಟರಲ್ಲಿ ಯಾರೋ ನರ್ಸ್ ಮಾತಿಗೆ ಮಾತು ಬಂದು, ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ ಕೂಡ ಅದೇ ಬಗೆಯ ಔಷಧವೆಂದು ಅವಳಿಗೆ ಹೇಳಿದ್ದಳು. ಆಣೆ ಮುರಿದುಹೋಯಿತೆಂದು ಶುಭಾ ಅತ್ತಿದ್ದಳು. ನೀನು ನಗುನಗುತ್ತಾ, ಹಬ್ಬದ ದಿನ ಓಟದಲ್ಲಿ ಕಾಲು ಉಳುಕಿತೆಂದು ಹೇಳಿದೆ. ಫೋನಿಟ್ಟ ಮೇಲೆ ಅವಳು ನನ್ನ ಕಡೆ ತಿರುಗಿ, "ನೋಡಿದ್ಯಾ ಅಣ್ಣ. ಅದು ನನ್ ಮೈಗೆ ಹೋದ ದಿನಾನೇ ಅವನ ಕಾಲು ಹೋಯ್ತು. ನನಗೆ ಗೊತ್ತಿಲ್ದೆ ಹೋಗಿದ್ದಕ್ಕೇ ಇಷ್ಟು. ಗೊತ್ತಿದ್ದೂ ನುಂಗಿದ್ರೆ?" ಎಂದಳು. ಜೀವಮಾನವಿಡೀ ಮಕ್ಕಳಿಗೆ ಕಾರಣ, ಪರಿಣಾಮ ಬೇರ್ಪಡಿಸುವುದನ್ನು ಕಲಿಸಿದವನು ನಾನು. ತರಬೇತಿಯಲ್ಲಿ ಎಷ್ಟೋ ಹುಡುಗರ ಕಾಲು ಉಳುಕುತ್ತದೆ, ಅವರ ತಾಯಂದಿರೆಲ್ಲ ಆಣೆ ಮುರಿದಿದ್ದಾರೆಯೇ ಎಂದು ಕೇಳಿದೆ. "ಮುರಿದಿಲ್ಲ ಅಂತ ನಿನಗೆ ಹ್ಯಾಗೆ ಗೊತ್ತು?" ಎಂದಳು. ಗಂಡನನ್ನು ರಸ್ತೆಗೆ ಕೊಟ್ಟವಳು, ಒಬ್ಬನೇ ಮಗನನ್ನು ಬಂದೂಕು ಹಿಡಿಯಲು ಕಳುಹಿಸಿದವಳು. ಅವಳ ಕೈಯಲ್ಲಿ ಅವನನ್ನು ಕಾಯಲು ಇರುವುದು ಆ ಒಂದು ಆಣೆ. ತರ್ಕದಿಂದ ಅದನ್ನು ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ.

ಫಿಟ್ಸ್ ತಡೆಯಲು ಅತೀಯಾ ಬೇರೆ ಬಗೆಯ ಮಾತ್ರೆಯೊಂದನ್ನು ಕೊಟ್ಟಿದ್ದಾಳೆ. ಇದು ಆ ಹಳೆಯ ಮಾತ್ರೆಯಲ್ಲವೆಂದು ಪದೇಪದೇ ಕೇಳಿ ಖಾತ್ರಿ ಮಾಡಿಕೊಂಡು ಶುಭಾ ಅದನ್ನು ನುಂಗುತ್ತಿದ್ದಾಳೆ. ಅದು ತಾತ್ಕಾಲಿಕ ಅಡ್ಡಗಟ್ಟೆ, ಹಳೆಯ ಮಾತ್ರೆಯ ಜಾಗ ತುಂಬುವುದಿಲ್ಲ, ಇನ್ನೊಂದು ದೊಡ್ಡ ಫಿಟ್ಸ್ ಬರಬಾರದು ಎಂದು ಅತೀಯಾ ಎಚ್ಚರಿಸಿದ್ದಾಳೆ. ನಿನ್ನ ಅತ್ತೆ ತಾಳಲಾರದೆ, ಮಾತ್ರೆಯನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿ ಕೊಟ್ಟುಬಿಡೋಣ ಎಂದಳು. ನಾನು ಒಪ್ಪಲಿಲ್ಲ, ಅತೀಯಾಳೂ ಒಪ್ಪಲಿಲ್ಲ. ಗೊತ್ತಿಲ್ಲದಂತೆ ಕೊಟ್ಟದ್ದು ಎಂದಾದರೂ ತಿಳಿದರೆ ಅವಳು ನಮ್ಮ ಕೈಯ ನೀರನ್ನೂ ಕುಡಿಯಲಾರಳು. ಕೊನೆಗೆ ನಾನು ತೋಟದ ಬೀದಿಯ ಮುನಿಯಣ್ಣನವರ ಹತ್ತಿರ ಹೋದೆ. ಈ ಊರು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಜಗಳ, ಪಾಲು, ಆಣೆ ಪ್ರಮಾಣ ಎಲ್ಲವನ್ನೂ ಕಂಡವರು. ಎಲೆಯಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿ, "ಆಣೆ ಆಕಿಸ್ಕೊಂಡೋನೇ ಬಿಡಿಸ್ಬೇಕು ಮೇಷ್ಟ್ರೆ. ನೀವು ಬಿಡಿಸಾಕಾಗಲ್ಲ, ದೇವ್ರೂ ಬಿಡಿಸಾಕಾಗಲ್ಲ" ಎಂದರು. ಡಾಕ್ಟರ ಚೀಟಿಗಿಂತ ಆ ಮಾತು ನನಗೆ ದಾರಿ ತೋರಿಸಿತು.

ಮರಿ, ಇದೆಲ್ಲ ಓದಿ ನೀನು ಏನೆಂದುಕೊಳ್ಳುತ್ತಿದ್ದೀಯೆಂದು ಬಲ್ಲೆ. ಅಮ್ಮನನ್ನು ನಾನೇ ಕೆಡವಿದೆ ಎಂದು. ಹಾಗೆ ಎಣಿಸಬೇಡ. ಅಮ್ಮ ಗಟ್ಟಿಯಾಗಲಿ ಎಂಬ ಆಸೆಯಿಂದ ಮಾಡಿದ್ದು ಅದು. ಆಸೆ ಸರಿಯಾಗಿತ್ತು, ತಿಳಿವಳಿಕೆ ಸಾಲದಾಯಿತು. ತಿಳಿವಳಿಕೆಯನ್ನು ತುಂಬಿಕೊಳ್ಳಬಹುದು. ಅದಕ್ಕೇ ತಾನೇ ನನ್ನಂಥವರು ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ಸವೆಸಿದ್ದು. ನೀನು ಮಾಡಬೇಕಾದ್ದು ಇಷ್ಟು: ಬರುವ ಭಾನುವಾರ ಫೋನಿನಲ್ಲಿ ಬೇರೇನೂ ಮಾತಾಡುವ ಮೊದಲು, "ಅಮ್ಮಾ, ಆಣೆ ಹಾಕಿಸಿಕೊಂಡವನು ನಾನೇ, ಬಿಡಿಸ್ತಾ ಇರೋನೂ ನಾನೇ" ಎಂದು ಸ್ಪಷ್ಟವಾಗಿ ಹೇಳು. ಗದರಬೇಡ, ಅಳಬೇಡ, ಮಾತ್ರೆ ತಗೋ ಎಂದು ಗೋಗರೆಯಬೇಡ. ಬದಲಿಗೆ ಇನ್ನೊಂದು ಆಣೆಯನ್ನಂತೂ ಕೇಳಲೇಬೇಡ. ಮತ್ತು ಚಿರೂ, ನೀನು ಓಡಿಬರಬೇಡ. ನಿನ್ನ ತರಬೇತಿ ಅವಳ ಕುಚ್ಚಿನ ಒಂದೊಂದು ಗಂಟಿನಿಂದ ಕಟ್ಟಿದ್ದು, ಅದು ಹಾಳಾದರೆ ಅವಳು ಇನ್ನೂ ಕುಗ್ಗುತ್ತಾಳೆ. ಫೋನಿನ ಒಂದು ಮಾತು ಸಾಕು. ಮಿಕ್ಕದ್ದನ್ನು ನಾನು, ನಿನ್ನ ಅತ್ತೆ, ಅತೀಯಾ ನೋಡಿಕೊಳ್ಳುತ್ತೇವೆ. ಅವಳು ಮತ್ತೆ ಈ ಕೆರೆಯ ಸುತ್ತ ನಡೆಯುವ ದಿನ ಬರುತ್ತದೆಂದು ನಾನು ನಂಬಿದ್ದೇನೆ. ನೀನೂ ನಂಬು.

ಹಬೀಬುಲ್ಲಾ ಸಾಬರು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನಿನ್ನ ಅತ್ತೆ ಚಕ್ಕುಲಿ ಕಳಿಸಬೇಕೆಂದು ಹಠ ಹಿಡಿದಿದ್ದಳು, ಪುಡಿಯಾಗುತ್ತದೆಂದು ನಾನೇ ತಡೆದೆ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಜೊತೆಯ ಹುಡುಗರಲ್ಲಿ ಯಾರಾದರೂ ಮನೆ ನೆನೆದು ಸಪ್ಪಗಿದ್ದರೆ ಅವರ ಪಕ್ಕ ಹೋಗಿ ಕುಳಿತುಕೋ. ನಿನ್ನ ಆಯಸ್ಸು, ಧೈರ್ಯ, ವಿವೇಕ ಮೂರೂ ಬೆಳೆಯಲಿ ಎಂದು ಹರಸುವ,

ನಿನ್ನ ಮಾವ
ಶ್ರೀಕಾಂತ್

ತಾ.ಕ.: ಗುರುವಾರ ಬೆಳಿಗ್ಗೆ, ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಓಡಿಬರಬೇಡ ಎಂದು ಮೇಲೆ ಬರೆದ ಸಾಲುಗಳನ್ನು ಹೊಡೆದುಹಾಕಿದ್ದೇನೆಂದುಕೋ. ಚಿರು ಫೋನಿನಲ್ಲಿ ಆಣೆ ಬಿಡಿಸಿದರೆ ಮಾತ್ರೆ ತೆಗೆದುಕೊಳ್ಳುವೆಯಾ ಎಂದು ಇಂದು ಬೆಳಿಗ್ಗೆ ಅವಳನ್ನು ಕೇಳಿಯೇಬಿಟ್ಟೆ. "ಕೈ ಇಟ್ಟಿದ್ದು ಫೋನಲ್ಲಲ್ಲ ಅಣ್ಣ" ಎಂದಳು. ಆಮೇಲೆ ತನ್ನ ಎರಡು ಬಳೆ ಬಿಚ್ಚಿ ನಿನ್ನ ಅತ್ತೆಯ ಕೈಗೆ ಕೊಟ್ಟು, "ಅವನ ಹೆಂಡ್ತಿಗೆ ನೀವೇ ಹಾಕಿ ಅತ್ತಿಗೆ, ನಾನು, ಅವನು, ಇಬ್ಬರಲ್ಲಿ ಒಬ್ರು ಹೋಗೋದಾದ್ರೆ ನಾನೇ ಹೋಗ್ತೀನಿ" ಎಂದಳಂತೆ. ಇದನ್ನು ಕೇಳಿದ ಕೂಡಲೇ ಅತೀಯಾ ನಿನಗೆ ರಜೆ ಕೇಳಿ ಮೇಲಧಿಕಾರಿಗೆ ಬರೆದುಕೊಟ್ಟ ಪತ್ರ ಇದರೊಳಗಿದೆ, ಕೈಗೆ ಸಿಕ್ಕ ಕೂಡಲೇ ಕೊಡು. ನಿಮ್ಮ ಕೇಂದ್ರಕ್ಕೆ ನಾನೂ ಫೋನು ಮಾಡುತ್ತಲೇ ಇದ್ದೇನೆ, ಲೈನು ಇನ್ನೂ ಸಿಕ್ಕಿಲ್ಲ, ಯಾವುದು ಮೊದಲು ತಲುಪುತ್ತದೋ ತಿಳಿಯದು. ಒಂದು ತಂಡ ಹೋದರೆ ಇನ್ನೊಂದು ತಂಡ ಇದೆ. ಬಾ ಮರಿ. ಬಂದು ಅವಳ ಮುಂದೆ ತಲೆ ಬಗ್ಗಿಸು, ಆ ಕೈಯನ್ನು ನಿನ್ನ ಕೈಯಿಂದಲೇ ಎತ್ತು.